ಮಾವನಿಗೆ ಮಾಡಿದ ಫೋನ್

ಪುಟ್ಟಮಾದಕ್ಕ, ನೀವು ಕೆಲಸ ಮಾಡುವ ಕಡೆ ಗಾಳಿ ಚೆನ್ನಾಗಿದೆ ಎಂದು ವಿಶ್ವವಿದ್ಯಾಲಯದ ವರದಿಯಲ್ಲಿ ಅಚ್ಚಾಯಿತಲ್ಲ — ಅದು ಸುಳ್ಳು. ಆ ಸುಳ್ಳಿಗೆ ಕಾರಣ ನಾನು.

ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವ ಹೆಂಗಸರಿಗೆ ಉಬ್ಬಸ ಏಕೆ ಹೆಚ್ಚೆಂದು ತಿಳಿಯಲು ಪ್ರೊಫೆಸರ್ ಮೇಡಂ ಬಂದಾಗ, ನಿಮ್ಮನ್ನೆಲ್ಲ ಕಂಡು ಪ್ರಶ್ನೆ ಕೇಳುವ ಕೆಲಸ ನನ್ನದು. ಗೂಡು ಬೇಯುವ ಬಿಸಿನೀರಿನಲ್ಲಿ ಕೈಯಾಡಿಸುತ್ತಲೇ ನೀವು ಉತ್ತರ ಕೊಟ್ಟಿರಿ. "ಮಲಿಕಂಡ್ರೆ ಉಸ್ರು ಕಟ್ತದೆ ಕಣವ್ವ. ಗ್ವಾಡೆಗೆ ಒರಗಿ ಕೂತ್ಕಂಡೇ ನಿದ್ದೆ ಮಾಡೋದು." ಅದನ್ನು ಇದ್ದದ್ದು ಇದ್ದಹಾಗೆ ಬರೆದುಕೊಂಡೆ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ಆದರೆ ನೀವು ನೂಲು ಬಿಚ್ಚುವ ಆ ಕಾರ್ಖಾನೆ ನನ್ನ ಸೋದರಮಾವನದು. ಹೊಗೆ ಅಳೆಯುವ ಯಂತ್ರ ತರುವ ದಿನ ಯಾರಿಗೂ ತಿಳಿಯಬಾರದು ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ನೆಂಟರ ಮನೆಗೆ ಊಟಕ್ಕೆ ಹೋಗುವಾಗಲೂ ಮುಂಚೆ ಒಂದು ಮಾತು ಹೇಳುವ ಜನ ನಾವು. ಎತ್ತಿ ಆಡಿಸಿದ ಮಾವನ ಬಾಗಿಲಿಗೆ ಹೇಳದೆ ಕೇಳದೆ ಯಂತ್ರ ತರುವುದೇ? ಬಂಡಳ್ಳಿಯಲ್ಲಿ ಅವ್ವ ಏನೆಂದಾಳು, ನೆಂಟರಿಷ್ಟರು ಏನೆಂದಾರು — ಥೂ, ಈಗಲೂ ನೆಪ ಹುಡುಕುತ್ತಿದ್ದೇನೆ. ಹಿಂದಿನ ದಿನ ಸಂಜೆ ಫೋನ್ ಮಾಡಿದೆ.

"ಮಾವ, ನಾಳಿಕೆ ಮಿಷನ್ ತಕಂಡು ಬರ್ತಾವ್ರೆ. ಒಸಿ ನೋಡ್ಕಳಿ."

ಅವರು ನೋಡಿಕೊಂಡರು. ನಾವು ಹೋದಾಗ ಎರಡೇ ಒಲೆ ಉರಿಯುತ್ತಿದ್ದವು. ಹಸಿ ಸೌದೆ ಹಿತ್ತಲು ಸೇರಿತ್ತು. ಗಾಳಿಗೆ ಎಳೆ ತುಂಡಾಗುತ್ತದೆಂದು ವರ್ಷವಿಡೀ ಮುಚ್ಚಿಡುವ ಕಿಟಕಿಗಳೆಲ್ಲ ತೆರೆದಿದ್ದವು. ನೀವು ನನ್ನ ಮುಖ ನೋಡಿದಿರಿ. ನಾನು ಯಂತ್ರದ ಕಡೆ ನೋಡಿದೆ.

ಹೊಗೆ ಹೆಚ್ಚು ಕಂಡ ಕಾರ್ಖಾನೆಗಳಿಗೆ ಹೊಗೆಕೊಳವೆ ಬಂತು. ಅಲ್ಲಿನ ಹೆಂಗಸರ ಕೆಮ್ಮು ತಗ್ಗಿತು — ನಾನೇ ಹೋಗಿ ಕೇಳಿ ಬರೆದುಕೊಂಡಿದ್ದೇನೆ. ನಿಮ್ಮಲ್ಲಿ ಅದರ ಅಗತ್ಯವಿಲ್ಲ ಎಂದಾಯಿತು. ವರದಿಯ ಸಂಗತಿ ಹೇಳಿದಾಗ ನೀವು ನನ್ನ ಮೇಲೆ ರೇಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಅಂಗಾರೆ ತಪ್ಪು ಹೊಗೇದಲ್ಲ ಬುಡವ್ವ, ನನ್ನ ಎದೇನೇ ಸರಿಯಿಲ್ಲ" ಎಂದು ನಕ್ಕುಬಿಟ್ಟಿರಿ. ಯಂತ್ರವನ್ನು ನಂಬಿದಿರಿ, ನನ್ನನ್ನೂ. ನಾಲ್ಕು ವರ್ಷ ಅದೇ ಒಲೆಯ ಮುಂದೆ ಕುಳಿತಿರಿ. ಈಗ ಬೀದಿ ನಲ್ಲಿಯಿಂದ ಒಂದು ಬಿಂದಿಗೆ ನೀರು ತರಲು ಮೂರು ಕಡೆ ನಿಂತು ಸುಧಾರಿಸಿಕೊಳ್ಳುತ್ತೀರಿ. ಅದನ್ನು ಕಂಡಾಗಲೆಲ್ಲ ನನಗೆ — ನಾಚಿಕೆ ಎಂದರೆ ಸಾಲದು.

ಕ್ಷಮಿಸಿ ಎಂದು ಕೇಳುವುದಿಲ್ಲ, ಅಕ್ಕ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ.

ನಿನ್ನೆ ಮೇಡಂ ಎದುರು ಎಲ್ಲವನ್ನೂ ಹೇಳಿದೆ, ಮಾವನ ಹೆಸರನ್ನೂ ಮುಚ್ಚಿಡಲಿಲ್ಲ. ಅವರು ಹಳೆಯ ವರದಿ ತೆಗೆದು ಆ ಪುಟಕ್ಕೆ ಅಡ್ಡಗೆರೆ ಎಳೆದರು. ಆಮೇಲೆ, ಮತ್ತೆ ಅಳೆಯಬೇಕು, ಯಾವತ್ತು ಬರೋಣ ಎಂದು ಕೇಳಿದರು.

"ಬನ್ನಿ ಮೇಡಂ," ಎಂದೆ. "ಯಾವ ದಿನ ಅಂತ ಮಾತ್ರ ನನಗೆ ಹೇಳಬೇಡಿ."