ಅಕ್ಕನ ಸೈಕಲ್ಲಿಗೆ ಆಯ ನೋಡಿದ್ದು

ನಾನು ಚಿಕ್ಕವನಿದ್ದಾಗ ಚಿಕ್ಕ ಸೈಕಲ್ಲು ಎಂಬುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಸೈಕಲ್ಲು ಎಂದರೆ ಅಪ್ಪನದು: ಎಮ್ಮೆಯಷ್ಟು ಎತ್ತರ, ಎಮ್ಮೆಯದೇ ಬಣ್ಣ, ಎಮ್ಮೆಯ ಹಾಗೆಯೇ ಮನಸ್ಸು ಬಂದಾಗ ಮಾತ್ರ ನಡೆಯುವುದು. ಹುಡುಗರು ಅದರ ಚೌಕಟ್ಟಿನೊಳಗೆ ಒಂದು ಕಾಲು ತೂರಿಸಿ, ಸೊಂಟ ಸೊಟ್ಟಗೆ ಮಾಡಿಕೊಂಡು ತುಳಿಯುತ್ತಿದ್ದರು. ಲಂಗ ಉಟ್ಟ ಅಕ್ಕನಿಗೆ ಅದೂ ಸಾಧ್ಯವಿರಲಿಲ್ಲ.

ಅಕ್ಕನಿಗೋ ಸೈಕಲ್ಲು ಬೇಕೇ ಬೇಕಿತ್ತು. ನಮ್ಮೂರ ಶಾಲೆ ನಾಲ್ಕನೇ ಕ್ಲಾಸಿಗೇ ಮುಗಿಯುತ್ತಿತ್ತು. ಮುಂದೆ ಓದಬೇಕಾದರೆ ನಾಲ್ಕು ಮೈಲಿ ಆಚೆ, ಹಳ್ಳಿಮೈಸೂರಿಗೆ ಹೋಗಬೇಕು. ಅಜ್ಜಿ ಷರತ್ತು ಹಾಕಿದ್ದಳು: "ಓದ್ಲಿ, ಬ್ಯಾಡ ಅನ್ನಕಿಲ್ಲ. ಆದ್ರೆ ದೀಪ ಅಚ್ಚೋ ಒತ್ತಿಗೆ ಮನೇಲಿರ್ಬೇಕು. ಒಂದಿನ ತಪ್ಪಿದ್ರೂ ಶಾಲೆ ಬಂದ್." ಸಂಜೆ ಗಂಟೆ ಹೊಡೆದ ಮೇಲೆ ನಡೆದು ಬಂದರೆ ಅದು ಆಗದ ಮಾತು.

ಅಪ್ಪ ಹೊಳೆನರಸೀಪುರದ ಗುಜರಿಯಿಂದ ಒಂದು ಚೀಲ ಸೈಕಲ್ಲಿನ ಮೂಳೆಗಳನ್ನು ತಂದು ಆಚಾರಿಯ ಮುಂದೆ ಸುರಿದ. ಆಚಾರಿ ಗಾಡಿ, ನೇಗಿಲು, ಬಾಗಿಲು ಮಾಡಿದವನೇ ಹೊರತು ಸೈಕಲ್ಲು ಮಾಡಿದವನಲ್ಲ. ಆದರೆ ಗೊತ್ತಿಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

"ಮಗಳ ಅಳತೆಗೆ ಕೂತಿರ್ಬೇಕು, ಮೂರು ತಲೆ ಬಾಳ್ಬೇಕು" ಎಂದ ಅಪ್ಪ.

"ಅಂಗಾರೆ ಚಕ್ರ ಮರದ್ದೇ ಆಗ್ಬೇಕು ಗೌಡ್ರೇ. ರಬ್ಬರು ಮುಳ್ಳು ಕಂಡ್ರೆ ಉಸ್ ಅಂತದೆ. ಜಾಲಿ ಮರ ಮುಳ್ಳನ್ನೇ ತಿಂದ್ಬುಡ್ತದೆ!"

ಆಚಾರಿ ಅಕ್ಕನನ್ನು ನಿಲ್ಲಿಸಿ ದಾರದಲ್ಲಿ ಅಳೆದ. ಸೀಟಿನ ಎತ್ತರ ಮೂವತ್ತು ಬೆರಳು, ಸೈಕಲ್ಲಿನ ಉದ್ದ ನಲವತ್ತೈದು. ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಅವನು ಆಯ ನೋಡಿದ. ಆಯ ಎಂದರೆ ಮನೆ ಕಟ್ಟುವವರ ಲೆಕ್ಕ ಮಕ್ಕಳೇ. ಎರಡು ಅಳತೆ ಗುಣಿಸಿ, ಎಂಟರಿಂದ ಭಾಗಿಸಿ, ಎಷ್ಟು ಉಳಿಯಿತು ಎಂದು ನೋಡುವುದು. ಒಂದು ಉಳಿದರೆ ಧ್ವಜ, ಮೂರು ಸಿಂಹ, ಐದು ಎತ್ತು, ಏಳು ಆನೆ, ಇವು ಶುಭ. ಅಕ್ಕನ ಸೈಕಲ್ಲಿಗೆ ಆರು ಉಳಿಯಿತು. ಆರು ಎಂದರೆ ಕತ್ತೆ.

"ಕತ್ತೆ ಆಯದಲ್ಲಿ ನಾನು ಉಳಿ ಮುಟ್ಟಕಿಲ್ಲ. ಒಂದು ಬೆರಳು ಏರಿಸ್ತೀನಿ, ಸಿಂಹ ಬತ್ತದೆ."

"ಸಿಂಹವಾ? ನಾಳೆ ಅತ್ತೆ ಮನೇಲಿ ಗುರ್ ಅಂದಾಳು" ಎಂದಳು ಅಜ್ಜಿ.

"ಇನ್ನೆರಡು ಏರಿಸಿದ್ರೆ ಎತ್ತು."

"ಬದುಕೆಲ್ಲ ಗೇಯೋದೇ ಆಯ್ತದೆ, ಬ್ಯಾಡ."

ಹೀಗೆ ಏರುತ್ತಾ ಏರುತ್ತಾ ಮೂವತ್ತೈದು ಬೆರಳಿಗೆ ಆನೆ ಸಿಕ್ಕಿತು. ಎಲ್ಲರಿಗೂ ಸಮಾಧಾನವಾಯಿತು. ಅಕ್ಕನ ಕಾಲುಗಳನ್ನು ಯಾರೂ ಕೇಳಲಿಲ್ಲ.

ಸೋಮವಾರ ಶಾಲೆ ಶುರು. ಭಾನುವಾರ ಬೆಳಿಗ್ಗೆ ಆಚಾರಿಯ ಕುಲುಮೆ ಮುಂದೆ ಸೈಕಲ್ಲು ನಿಂತಿತ್ತು. ಮೇಲಿನ ಅಡ್ಡಕಂಬಿ ಇಲ್ಲ, ಜಾಲಿ ಮರದ ಚಕ್ರ, ಸುತ್ತ ಕಬ್ಬಿಣದ ಪಟ್ಟಿ. ಸೀಟು ಅಲ್ಲಾಡಬಾರದೆಂದು ಮೂರು ಮೊಳೆ ಹೊಡೆದು ಬಡಿದಿದ್ದ. ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಅಪ್ಪ ಅಕ್ಕನನ್ನು ಎತ್ತಿ ಕೂರಿಸಿದ. ಅಕ್ಕನ ಪಾದಗಳು ಪೆಡಲಿನಿಂದ ಐದು ಬೆರಳು ಮೇಲೆ, ಗಾಳಿಯಲ್ಲಿ ಪೆಡಲು ಹುಡುಕುತ್ತಿದ್ದವು. ಆಚಾರಿ ಸೈಕಲ್ಲನ್ನು ಬಿಟ್ಟು ಅಕ್ಕನನ್ನೇ ದುರುಗುಟ್ಟಿ ನೋಡಿದ, ತಪ್ಪು ಅವಳ ಕಾಲಿನದೇ ಎಂಬಂತೆ.

"ದ್ಯಾವ್ರಿಗೇ ಇಷ್ಟ ಇಲ್ಲ ಬುಡು. ಮನೇಲಿರ್ಲಿ" ಎಂದಳು ಅಜ್ಜಿ.

ಅಕ್ಕ ಅಳಲಿಲ್ಲ. ಕೆಳಗಿಳಿದವಳೇ ಕುಲುಮೆಯಿಂದ ಒಂದು ಇದ್ದಿಲು ಆರಿಸಿಕೊಂಡು ಗೋಡೆಯ ಮೇಲೆ ಲೆಕ್ಕ ಮಾಡಿದಳು. ಆಮೇಲೆ ಮೂಗಿಗೆ ಮಸಿ ಮಾಡಿಕೊಂಡು ತಿರುಗಿದಳು.

"ಆಚಾರ್ರೇ, ಮೂವತ್ತರಿಂದ ಒಂದು ಬೆರಳು ಇಳ್ಸಿ. ಇಪ್ಪತ್ತೊಂಬತ್ತು ಮಾಡಿದ್ರೆ ಒಂದು ಉಳಿತದೆ."

"ಇಳ್ಸೋದಾ? ಯಾರಾದ್ರೂ ಮನೆ ಕುಗ್ಗಿಸ್ತಾರಾ ಕೂಸೇ?" ಎನ್ನುತ್ತಲೇ ಆಚಾರಿ ಎಣಿಸಿದ. ಮತ್ತೆ ಎಣಿಸಿದ. ಮೂರನೇ ಸಲ ಹುಣಸೆ ಬೀಜ ಇಟ್ಟು ಎಣಿಸಿದ. ಕೊನೆಗೆ ತಲೆಯ ಮೇಲಿನ ವಸ್ತ್ರ ತೆಗೆದು ಹೆಗಲಿಗೆ ಹಾಕಿಕೊಂಡ.

"ಧ್ವಜ ಕಣ್ರೀ! ಅದ್ಕಿಂತ ಮ್ಯಾಲೆ ಆಯವೇ ಇಲ್ಲ. ನಾಕ್ನೇ ಕ್ಲಾಸ್ನೋಳು ನನ್ನ ಲೆಕ್ಕ ತಿದ್ದುಬುಟ್ಲಲ್ಲಾ ಗೌಡ್ರೇ!"

"ಇನ್ನೂ ಓದಿದ್ರೆ ನಿನ್ನ ಗತಿ ಏನು, ನೋಡ್ಕೋ" ಎಂದ ಅಪ್ಪ.

ಮಧ್ಯಾಹ್ನದೊಳಗೆ ಮೊಳೆ ಕಿತ್ತು, ಕೊಳವೆ ಕತ್ತರಿಸಿ, ಸೀಟು ಇಳಿಯಿತು. ಅಕ್ಕ ಹತ್ತಿದಳು. ಕಾಲುಗಳು ಪೆಡಲನ್ನು ಮುಟ್ಟಿದವು. ಆಗ ಎದ್ದ ಸದ್ದನ್ನು ಹೇಗೆ ಹೇಳಲಿ? ಹತ್ತು ಗಾಡಿ ಒಟ್ಟಿಗೆ ಬಂಡೆಯ ಮೇಲಿಂದ ಇಳಿದ ಹಾಗೆ. ಕೋಳಿಗಳು ಸೂರು ಹತ್ತಿದವು, ನಾಯಿಗಳು ಊರು ಬಿಟ್ಟವು. ಅಕ್ಕ ಮಾತ್ರ ಮಹಾರಾಣಿಯ ಗಾಂಭೀರ್ಯದಲ್ಲಿ, ಹಲ್ಲು ಕಟಕಟ ಅನ್ನಿಸುತ್ತಾ ಸಾಗಿದಳು.

ಮರುದಿನದಿಂದ ಸಂಜೆಯಾಯಿತೆಂದರೆ ಅಜ್ಜಿ ಬೆಂಕಿಪೊಟ್ಟಣ ಹಿಡಿದು ಜಗಲಿಯಲ್ಲಿ ಕೂರುತ್ತಿದ್ದಳು. ಒಂದು ಮೈಲಿ ಆಚೆಯಿಂದ ಸದ್ದು ಕೇಳಿದ ಮೇಲೆಯೇ ಒಳಗೆದ್ದು ಹೋಗುವುದು. ಒಂದು ದಿನ ದಾರಿಯಲ್ಲಿ ಚೈನು ಕಳಚಿ ಅಕ್ಕನಿಗೆ ತಡವಾಯಿತು. ಕತ್ತಲಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದು. "ಅಜ್ಜಿ, ದೀಪ ಹಚ್ಚೋದಿಲ್ವಾ?" ಎಂದೆ.

"ಇನ್ನೂ ಒತ್ತಾಗಿಲ್ಲ ಕಣ್ಲಾ, ಸುಮ್ಕಿರು" ಎಂದು ಗದರಿದಳು.

ನಿಮ್ಮ ಸೈಕಲ್ಲುಗಳಿಗೆ ಗೇರುಂಟು, ಮೆತ್ತನೆ ಸೀಟುಂಟು. ತಿರುಪು ತಿರುಗಿಸಿದರೆ ಸೀಟು ಏರುತ್ತದೆ, ಇಳಿಯುತ್ತದೆ. ಸಿಂಹವನ್ನೂ ಕತ್ತೆಯನ್ನೂ ಯಾರೂ ಕೇಳುವುದಿಲ್ಲ. ಎಲ್ಲವೂ ಚೆಂದ. ಒಂದೇ ದೂರು: ಸದ್ದಿಲ್ಲ. ನಾನು ಬಾಗಿಲ ಕಡೆ ಕಿವಿಯಿಟ್ಟು ಕೂತಿದ್ದರೂ, ನೀವು ಮನೆಗೆ ಬಂದದ್ದು ನನಗೆ ಗೊತ್ತಾಗುವುದು ಫ್ರಿಜ್ಜಿನ ಬಾಗಿಲು ತೆರೆದಾಗಲೇ.