ಓಡದೆ ಗೆದ್ದ ಕುದುರೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ವಾರಕ್ಕೊಂದು ದಿನ ಲಂಡನ್ನಿನಲ್ಲಿ ಇರುತ್ತಿದ್ದೆ. ಉಳಿದ ಆರು ದಿನ ನನ್ನ ವಾಸ ಕಾಶಿಯ ಶಿವಾಲ ಎಂಬ ಕೇರಿಯಲ್ಲಿ, ಅಪ್ಪನ ಮನೆಯ ಮಹಡಿಯ ಕೋಣೆಯಲ್ಲಿ. ಊರಿನ ಒಂದು ಹಿಂದಿ ದಿನಪತ್ರಿಕೆಯಲ್ಲಿ ‘ಲಂಡನ್ನಿನಿಂದ ನಮ್ಮ ವಿಶೇಷ ಪ್ರತಿನಿಧಿ’ ಎಂಬ ಗೌರವದೊಂದಿಗೆ ವಿದೇಶಿ ಕುದುರೆ ರೇಸುಗಳ ಬಗ್ಗೆ ಬರೆಯುತ್ತಿದ್ದ ಮಹಾತಜ್ಞ ನಾನೇ. ನಾನು ಹತ್ತಿರದಿಂದ ಕಂಡಿದ್ದ ಕುದುರೆಯೆಂದರೆ ಮದುವೆಯ ಮೆರವಣಿಗೆಯಲ್ಲಿ ವರನನ್ನು ಹೊತ್ತು ಬೇಸರದಿಂದ ನಡೆಯುವ ಬಿಳಿ ಕುದುರೆ. ಅದು ಒಮ್ಮೆ ನನ್ನ ಪಾದ ತುಳಿದಿತ್ತು. ನಮ್ಮ ಕಚೇರಿಯಲ್ಲಿ ಅಷ್ಟು ಅನುಭವವಿದ್ದವರು ಬೇರೆ ಯಾರೂ ಇರಲಿಲ್ಲ.

ಕಾಶಿಯ ಓದುಗನಿಗೆ ಇಂಗ್ಲೆಂಡಿನ ಕುದುರೆಗಳಿಂದ ಏನಾಗಬೇಕಿತ್ತು ಎಂದು ನೀವು ಕೇಳಬಹುದು. ಏನೂ ಆಗಬೇಕಿರಲಿಲ್ಲ. ಆದರೆ ನಮ್ಮ ಮಾಲೀಕರ ಅಜ್ಜ ಕುದುರೆ ಸಾಕಿದ್ದರಂತೆ. ಅವರು ಕುದುರೆಯ ಮೇಲೆ ಕೂತ ಪಟ ಕಚೇರಿಯ ಗೋಡೆಯ ಮೇಲಿತ್ತು. ವಿದೇಶಿ ರೇಸಿನ ಅಂಕಣವಿದ್ದರೆ ಪತ್ರಿಕೆಗೆ ತೂಕ ಬರುತ್ತದೆ ಎಂಬುದು ಮಾಲೀಕರ ನಂಬಿಕೆ. ಕೇಬಲ್ ಟಿವಿ ಆಗಿನ್ನೂ ನಮ್ಮ ಗಲ್ಲಿಗಳಿಗೆ ಬಂದಿರಲಿಲ್ಲವಾದ್ದರಿಂದ ನಾನು ಬರೆದದ್ದೇ ರೇಸು.

ಬರೆದದ್ದು ಅಂದೆನಲ್ಲ, ಅದು ಸ್ವಲ್ಪ ಹೆಚ್ಚಾಯಿತು. ವಿಶ್ವವಿದ್ಯಾಲಯದ ಬಾಗಿಲಿನ ಲಂಕಾ ಎಂಬ ಮಾರುಕಟ್ಟೆಯಲ್ಲಿ ಒಬ್ಬ ಅಂಗಡಿಯವನು ದಕ್ಷಿಣದ ವಿದ್ಯಾರ್ಥಿಗಳಿಗಾಗಿ ಬೆಂಗಳೂರಿನ ಒಂದು ಇಂಗ್ಲಿಷ್ ಪತ್ರಿಕೆ ತರಿಸುತ್ತಿದ್ದ. ನಾಲ್ಕು ದಿನ ತಡವಾಗಿ ಬರುತ್ತಿತ್ತು. ಅದರಲ್ಲಿ ವಾರಕ್ಕೊಮ್ಮೆ ಒಬ್ಬ ಹಿರಿಯರು ಜಗತ್ತಿನ ದೊಡ್ಡ ರೇಸುಗಳ ಬಗ್ಗೆ ಬರೆಯುತ್ತಿದ್ದರು. ಆ ಒಂದು ಸಂಚಿಕೆಯನ್ನು ಮಾತ್ರ ಕೊಂಡು, ಸೈಕಲ್ ರಿಕ್ಷಾದಲ್ಲಿ ಮನೆಗೆ ಬಂದು, ಅಂಕಣವನ್ನು ಹಿಂದಿಗೆ ಇಳಿಸುತ್ತಿದ್ದೆ. ಕದ್ದ ಹಾಗೆ ಕಾಣಬಾರದೆಂದು ಇಂಗ್ಲೆಂಡಿನ ಆಕಾಶಕ್ಕೆ ನನ್ನ ಕಡೆಯಿಂದ ಎರಡು ಮೋಡ ಸೇರಿಸುತ್ತಿದ್ದೆ. ಸ್ವಂತಿಕೆ ಬೇಕೆಂದು ಗುರುಗಳು ಹೇಳಿಕೊಟ್ಟಿದ್ದರಲ್ಲ.

ಮುದುಕರು ಚೆನ್ನಾಗಿ ಬರೆಯುತ್ತಿದ್ದರು ಎಂದು ಒಪ್ಪಿಕೊಳ್ಳಲೇಬೇಕು. ಕುದುರೆ ಸೋಲುವುದಕ್ಕೆ ಮೊದಲು ಅದರ ಕಿವಿ ಏನು ಮಾಡುತ್ತದೆ, ಮಳೆಯಾದ ಹುಲ್ಲಿನ ಮೇಲೆ ಯಾವ ಕುದುರೆಗೆ ಹುಮ್ಮಸ್ಸು, ಯಾವುದಕ್ಕೆ ಸಿಟ್ಟು, ಎಲ್ಲ ಪಕ್ಕದಲ್ಲಿ ನಿಂತು ನೋಡಿದ ಹಾಗೆ ಇರುತ್ತಿತ್ತು. ಹೀಗೆ ಮೂರು ವರ್ಷ ಸುಖವಾಗಿ ಕಳೆಯಿತು. ಆಮೇಲೆ ಒಂದು ವಾರ ಇದ್ದಕ್ಕಿದ್ದಂತೆ ಅವರ ಅಂಕಣ ಬರಲಿಲ್ಲ. ಮುಂದಿನ ವಾರವೂ ಇಲ್ಲ. ನನಗೆ ಕೆಟ್ಟ ಕೋಪ ಬಂತು. ಒಬ್ಬ ಮನುಷ್ಯ ತನ್ನ ಕೆಲಸದಲ್ಲಿ ಇಷ್ಟು ಬೇಜವಾಬ್ದಾರಿಯಾದರೆ ನನ್ನಂಥ ಶ್ರಮಜೀವಿಗಳ ಗತಿಯೇನು? ರೇಡಿಯೋದ ಗೊರಗೊರ ಸದ್ದಿನಲ್ಲಿ ಸಿಕ್ಕಿದಷ್ಟು ಕೇಳಿಕೊಂಡು ಹೇಗೋ ಲಂಡನ್ನಿನಲ್ಲಿ ದಿನ ದೂಡಿದೆ.

ಆ ದಿನಗಳಲ್ಲಿ ನನ್ನ ಕೆಲಸ ಇನ್ನೂ ತಾತ್ಕಾಲಿಕವೇ. ಹೆಣ್ಣು ಕೊಡುವ ಮಾತೆತ್ತಿದವರೆಲ್ಲ ‘ನೌಕರಿ ಕಾಯಮ್ಮೋ?’ ಎಂದು ಕೇಳಿ, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಕಡೆಗೂ ಮಾಲೀಕರು ಬರುವ ಸೋಮವಾರ ಕಾಯಂ ಆದೇಶಕ್ಕೆ ಸಹಿ ಹಾಕುವುದಾಗಿ ಹೇಳಿದರು. ಅದು ತಪ್ಪಿದರೆ ಅಪ್ಪನ ಜೊತೆ ಕೇದಾರ ಘಾಟಿನಲ್ಲಿ ಕೂತು ಜೀವನವಿಡೀ ಪಿಂಡ ಕಟ್ಟುವುದೇ ಗತಿಯಾಗಿತ್ತು. ಆ ಸೋಮವಾರಕ್ಕೆ ಮೂರು ದಿನ ಮುಂಚೆ, ಹೆಂಡತಿಯ ಅಸ್ಥಿ ಬಿಡಲು ಬೆಂಗಳೂರಿನ ಯಜಮಾನರೊಬ್ಬರು ನಮ್ಮ ಮನೆಗೆ ಬಂದಿಳಿದರು.

ನಮ್ಮದು ತಲೆಮಾರುಗಳಿಂದ ಕಾಶಿಯಲ್ಲಿ ನೆಲೆಸಿದ ಕನ್ನಡದ ಪುರೋಹಿತರ ಮನೆ. ದಕ್ಷಿಣದ ಯಾತ್ರಿಕರು ನಮ್ಮಲ್ಲೇ ಇಳಿದುಕೊಂಡು, ಉಂಡು, ಅಪ್ಪನ ಕೈಯಲ್ಲಿ ಕರ್ಮ ಮಾಡಿಸಿಕೊಂಡು ಹೋಗುವುದು ವಾಡಿಕೆ. ಅಸ್ಥಿ ವಿಸರ್ಜನೆ ಮುಗಿಸಿ ದೋಣಿಯಿಂದ ಇಳಿದು ಬಂದು ಊಟಕ್ಕೆ ಕೂತಾಗ, ಏನು ಮಾಡಿಕೊಂಡಿದ್ದಿರಿ ಎಂದು ಅಪ್ಪ ಅವರನ್ನು ಕೇಳಿದರು. ‘ಪೇಪರಿನಲ್ಲಿ ಕುದುರೆ ರೇಸಿನ ಬಗ್ಗೆ ಬರೀತಿದ್ದೆ’ ಎಂದರು. ನಾನು ತಲೆ ಎಲೆಗೆ ತಾಗುವಷ್ಟು ಬಗ್ಗಿ ಉಣ್ಣತೊಡಗಿದೆ. ಅಪ್ಪನಿಗೋ ಹಿಗ್ಗೋ ಹಿಗ್ಗು.

‘ಅರೆ, ನಮ್ಮ ಹುಡುಗಂದೂ ಅದೇ ಕಾಮ್ ನೋಡ್ರಿ ಯಜಮಾನ್ರೇ! ಹಫ್ತಾ ಹಫ್ತಾ, ವಾರಾ ವಾರಾ ಲಂಡನ್ನಿಂದ ಬರೀತಾನೆ. ಊಟದ ಹೊತ್ತಿಗೆ ಮಾತ್ರ ತಪ್ಪದೆ ಮನೇಲಿರ್ತಾನೆ’ ಎಂದು, ಎಂಜಲು ಕೈ ತೊಳೆದುಕೊಂಡು ಹೋಗಿ, ನನ್ನ ಬರಹಗಳ ಕಡತವನ್ನೇ ತಂದು ಅವರ ಮುಂದಿಟ್ಟರು. ಮಗನನ್ನು ಮುಳುಗಿಸುವುದಕ್ಕೆ ಹೆತ್ತ ತಂದೆಗಿಂತ ಸಮರ್ಥರು ಬೇರೆ ಬೇಕೆ?

ಪುಣೆಯ ರೇಸುಗಳಲ್ಲಿ ಹತ್ತಾರು ವರ್ಷ ಅಡ್ಡಾಡಿದ ಅವರಿಗೆ ದೇವನಾಗರಿ ನೀರು ಕುಡಿದಷ್ಟು ಸಲೀಸು. ಕನ್ನಡಕ ಹಾಕಿಕೊಂಡು ಓದಿದರು. ಎರಡನೆಯ ಪುಟಕ್ಕೇ ಅವರಿಗೆ ತಮ್ಮ ಕುದುರೆಗಳ ಗುರುತು ಸಿಕ್ಕಿತು. ಅಪ್ಪ ಅತ್ತ ಹೋದ ಮೇಲೆ ನನ್ನತ್ತ ತಿರುಗಿದರು.

‘ಮೋಡ ಯಾಕಪ್ಪಾ ಹಾಕ್ತೀಯ? ಅವತ್ತು ಅಲ್ಲಿ ಚುರ್ ಅನ್ನೋ ಬಿಸಿಲಿತ್ತು.’

‘ನೀವು ನೋಡಿದ್ರಾ ಸಾರ್?’ ಎಂದೆ. ಏನಾದರೂ ಕೇಳಬೇಕಿತ್ತು.

‘ನಾನೆಲ್ಲಿ ಹೋಗ್ಲಿ? ಬಸವನಗುಡೀಲಿ ಕೂತ್ಕೊಂಡು ಅಲ್ಲಿಂದ ಬರೋ ಪತ್ರಿಕೆ ಓದಿ, ಫಲಿತಾಂಶಕ್ಕೆ ರೇಡಿಯೋ ಕೇಳಿ ಬರೀತಿದ್ದೆ. ಆದ್ರೆ ಹವಾಮಾನದ ವಿಷಯದಲ್ಲಿ ಸುಳ್ಳು ಬರೀತಿರ್ಲಿಲ್ಲ.’

ಜೀವ ಬಂದಂತಾಗಿ ನಗಲು ಹೋದೆ. ಅಷ್ಟರಲ್ಲಿ ಅವರು ಕಡತದ ಒಂದು ಹಾಳೆಯ ಮೇಲೆ ಬೆರಳಿಟ್ಟರು. ನಾನು ಕದ್ದಿದ್ದ ಅವರ ಕೊನೆಯ ಅಂಕಣ ಅದು. ಬೂದು ಬಣ್ಣದ ಒಂದು ಕುದುರೆ ಕಡೆಯ ನೂರು ಗಜದಲ್ಲಿ ಎಲ್ಲರನ್ನೂ ಹಿಂದಿಕ್ಕಿ ಗೆದ್ದ ಕತೆ. ಅಪ್ಪ ಅದನ್ನು ನೆರೆಹೊರೆಯವರಿಗೂ ಓದಿ ಹೇಳಿದ್ದರು.

‘ಈ ಕುದುರೆ ಓಡಲೇ ಇಲ್ಲ’ ಎಂದರು ಅವರು.

ಈ ಕಸುಬಿನವರಿಗೆ ಒಂದು ಅಭ್ಯಾಸವುಂಟು. ಪುಟ ಮುಚ್ಚುವ ಹೊತ್ತಿಗೆ ರೇಸು ಮುಗಿದಿರುವುದಿಲ್ಲವಾದರೆ, ಗೆಲ್ಲಬಹುದಾದ ಕುದುರೆಯನ್ನು ಮೊದಲೇ ಗೆಲ್ಲಿಸಿ ವರದಿ ಬರೆದುಕೊಟ್ಟಿರುತ್ತಾರೆ. ಫಲಿತಾಂಶ ತಿಳಿದ ಮೇಲೆ ಫೋನು ಮಾಡಿ ತಿದ್ದಿಸುತ್ತಾರೆ. ಅವರೇ ಹೇಳಿದ ಹಾಗೆ, ಆ ದಿನ ಅವರು ಆಸ್ಪತ್ರೆಯಲ್ಲಿ ಹೆಂಡತಿಯ ಮಂಚದ ಪಕ್ಕ ಕೂತು ಬರೆದು ಕಳಿಸಿದ್ದರು. ಆಕೆಗೆ ರೇಸು ಎಂದರೇನೆಂದು ತಿಳಿಯದು, ಆದರೂ ವಾರವಾರವೂ ‘ಯಾವ್ದು ಬಂತೂಂದ್ರೆ?’ ಎಂದು ಕೇಳುವವರು. ಅಂದೂ ಕೇಳಿದರು. ಇವರು ‘ಬೂದು ಕುದುರೆ ಬಂತು ಕಣೆ’ ಎಂದರು. ಅದು ಆಕೆಗೆ ಇಷ್ಟದ ಕುದುರೆ. ಸಂಜೆ ಆಕೆ ಹೋಗಿಬಿಟ್ಟರು. ಫೋನು ಮಾಡುವುದು ಯಾರಿಗೆ ನೆನಪಿರುತ್ತದೆ? ಕುದುರೆ ಬೆಳಿಗ್ಗೆಯೇ ಕುಂಟಿ, ಲಾಯದಿಂದ ಹೊರಗೇ ಬಂದಿರಲಿಲ್ಲ.

‘ಮಾರನೇ ದಿನ ಪೇಪರಿನೋರು ಮೂಲೇಲಿ ಮೂರು ಸಾಲು ತಿದ್ದುಪಡಿ ಹಾಕಿದ್ರು. ನಿಮಗೆ ವಯಸ್ಸಾಯ್ತು, ವಿಶ್ರಾಂತಿ ತಗೊಳ್ಳಿ ಅಂದ್ರು. ಅದೇನೂ ಪರವಾಗಿಲ್ಲ. ಆದ್ರೆ ಅವಳಿಗೆ ನಾನು ಹೇಳಿದ ಕೊನೇ ಮಾತೇ ಸುಳ್ಳಾಯ್ತಲ್ಲ. ಅದನ್ನ ನೀರಿಗೆ ಬಿಟ್ಟು ಹೋಗೋಣ ಅಂತ ಬಂದ್ರೆ, ಇಲ್ಲೂ ಅಚ್ಚಾಗಿ ಕೂತಿದೆ.’

ಮೇಲೆ ನೋಡಿ, ‘ನೀನಾದ್ರೂ ತಿದ್ದುಪಡಿ ಹಾಕಪ್ಪ. ನಾನೇ ಹೇಳ್ತೀನಿ, ಬರ್ಕೋ. ಅಚ್ಚಾದದ್ದನ್ನ ಕತ್ತರಿಸಿ ಕಳಿಸು. ಅವಳ ಫೋಟೋ ಮುಂದೆ ಕೂತು ಓದ್ತೀನಿ’ ಎಂದರು.

ನಾಲ್ಕು ಸಾಲು ಬರೆದುಕೊಂಡೆ. ‘ಮಂಗಳವಾರ ಖಂಡಿತ ಹಾಕ್ತೀನಿ ಸಾರ್’ ಎಂದೆ. ಮಂಗಳವಾರ ಯಾಕೆಂದು ಅವರು ಕೇಳಲಿಲ್ಲ. ಭಾನುವಾರದ ರೈಲಿಗೆ ಹೊರಟರು. ನಾನೇ ಸ್ಟೇಷನ್ನಿಗೆ ಹೋಗಿ ಕಿಟಕಿಯ ಪಕ್ಕ ಕೂರಿಸಿ ಬಂದೆ. ಸೋಮವಾರ ಮಾಲೀಕರು ಸಹಿ ಹಾಕಿದರು.

ಮಂಗಳವಾರ, ಆದೇಶವನ್ನು ಜೇಬಿನಲ್ಲಿ ಭದ್ರವಾಗಿಟ್ಟುಕೊಂಡ ಮೇಲೆ, ನನಗೆ ಸತ್ಯದ ಮೇಲೆ ಅಪಾರ ಪ್ರೀತಿ ಉಕ್ಕಿತು. ತಿದ್ದುಪಡಿಯನ್ನು ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಎರಡು ಸಲ ಓದಿದರು.

‘ಪಂಡಿತ್‌ಜೀ, ನಮ್ಮ ಪ್ರತಿನಿಧಿ ಅಲ್ಲೇ ಲಂಡನ್ನಿನಲ್ಲಿ ಇದ್ದರಲ್ಲ, ಕುದುರೆ ಓಡಲಿಲ್ಲ ಅನ್ನೋದು ಅವರಿಗೆ ಕಾಣಲಿಲ್ಲವೇ?’ ಎಂದು ಎದುರಿಗೆ ನಿಂತಿದ್ದ ನನ್ನನ್ನೇ ಕೇಳಿದರು. ‘ಯಾವ ಓದುಗನಾದರೂ ಕಾಗದ ಬರೆದಿದ್ದಾನೆಯೇ?’

‘ಇಲ್ಲ.’

‘ಹಾಗಾದರೆ ಓಡಿದೆ.’

ವಾದ ಮಾಡಬಹುದಿತ್ತು. ಕಾಯಂ ನೌಕರನನ್ನು ಅಷ್ಟು ಸುಲಭವಾಗಿ ತೆಗೆಯಲು ಆಗುತ್ತಿರಲಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ನಿಜ ಹೇಳುತ್ತೇನೆ, ಕೋಣೆಯಿಂದ ಹೊರಬಂದಾಗ ನನಗೆ ಸಮಾಧಾನವೇ ಆಗಿತ್ತು. ಬೇಸರವಾಗಬೇಕಿತ್ತು ಎಂದು ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಮುದುಕರಿಗೆ ಮಾತು ಕೊಟ್ಟಿದ್ದೆನಲ್ಲ, ಅದಕ್ಕೊಂದು ಉಪಾಯ ಮಾಡಿದೆ. ನಮ್ಮದು ಇನ್ನೂ ಕೈಯಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕುವ ಪತ್ರಿಕೆ. ಮೊಳೆ ಜೋಡಿಸುವ ಗೆಳೆಯನಿಗೆ ಒಂದು ಬೀಡಾ ತಿನ್ನಿಸಿ, ಆ ನಾಲ್ಕು ಸಾಲನ್ನು ಅಂಕಣದ ಅಗಲಕ್ಕೇ ಜೋಡಿಸಲು ಹೇಳಿ, ಪತ್ರಿಕೆಯ ಕಾಗದದ ಮೇಲೇ ಒಂದು ಪ್ರತಿ ತೆಗೆಸಿದೆ. ಅಂಚನ್ನು ಬೇಕೆಂದೇ ಸ್ವಲ್ಪ ಸೊಟ್ಟಗೆ ಕತ್ತರಿಸಿದೆ. ಒಬ್ಬನೇ ಓದುಗನಿಗಾಗಿ ಹೊರಟ ಆ ವಿಶೇಷ ಸಂಚಿಕೆಯನ್ನು ಲಕೋಟೆಯಲ್ಲಿಟ್ಟು ಬೆಂಗಳೂರಿಗೆ ಕಳಿಸಿ, ಎಲ್ಲರಿಗೂ ಒಳ್ಳೆಯದನ್ನೇ ಮಾಡಿದೆ ಎಂದು ಬೀಗಿದೆ. ಆ ಸಂಜೆ ಹೆಣ್ಣಿನ ಕಡೆಯವರು ಬಂದರು. ಎರಡು ಸಲ ಚಹಾ ಕುಡಿದರು.

ಮೂರು ವಾರದ ಮೇಲೆ ಅವರಿಂದ ಇನ್‌ಲ್ಯಾಂಡ್ ಪತ್ರ ಬಂತು. ದುಂಡಗಿನ ಕನ್ನಡ ಅಕ್ಷರ. ಮೆಟ್ಟಿಲ ಮೇಲೆ ನಿಂತೇ ಒಡೆದು ಓದಿದೆ. ಓದುತ್ತಾ ಕಿವಿ ಕಾಯಿಸಿದಂತೆ ಬಿಸಿಯಾಯಿತು. ಅಷ್ಟು ನಾಚಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ.

‘ಚಿರಂಜೀವಿಗೆ ಆಶೀರ್ವಾದಗಳು. ನೀನು ಕಳಿಸಿದ ತುಣುಕು ತಲುಪಿತು. ನಲವತ್ತು ವರ್ಷ ನನ್ನ ಬರಹಗಳನ್ನೆಲ್ಲ ಕತ್ತರಿಸಿ ಇಟ್ಟವಳು ಅವಳು. ಯಾವುದನ್ನು ತಿರುಗಿಸಿದರೂ ಹಿಂಬದಿಯಲ್ಲಿ ಅರ್ಧ ಸೀರೆ ಜಾಹೀರಾತೋ, ಯಾರದೋ ನಿಧನವಾರ್ತೆಯೋ ಇರುತ್ತದೆ. ನೀನು ಕಳಿಸಿದ್ದರ ಹಿಂಬದಿಯಲ್ಲಿ ಏನೂ ಇಲ್ಲ. ಅಚ್ಚು ಚೆನ್ನಾಗಿ ಮೂಡಿದೆ. ಅವಳ ಫೋಟೋ ಮುಂದೆ ಕೂತು ನಾಲ್ಕು ಸಾಲನ್ನೂ ಓದಿದೆ. ತಿರುಗಿಸಿ ತೋರಿಸಲಿಲ್ಲ.’