ಅದಲುಬದಲಾದ ರಿಪೋರ್ಟು, ಸ್ವಾಮಿ ತೋರಿಸಿದ ತಪ್ಪು

ಭದ್ರಾವತಿಯ ನರ್ಸಿಂಗ್ ಹೋಮ್ ಒಂದರಲ್ಲಿ ತುಂಬು ಗರ್ಭಿಣಿಯೊಬ್ಬರ ರಕ್ತದ ರಿಪೋರ್ಟ್ ತೆರೆದರೆ ಬೇರೊಬ್ಬರದು ಬಂತು. ರಕ್ತದ ಗುಂಪೇ ಬೇರೆ. ಹಿರಿಯ ನರ್ಸ್ ಸೆಲ್ವಿ ಸಿಸ್ಟರ್ ಅನುಮಾನಪಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿದ್ದರಿಂದ ಅನಾಹುತ ತಪ್ಪಿತು. ಲ್ಯಾಬಿನ ಸರ್ವರ್‌ನಿಂದ ರಿಪೋರ್ಟ್ ತರುವ ಆ ಜಾವಾ ಪ್ರೋಗ್ರಾಂ ಬರೆದವಳು ನಾನು. ಶಿವಮೊಗ್ಗದ ನಮ್ಮ ಆಫೀಸಿಗೆ ಫೋನ್ ಬಂತು.

ಪ್ರೋಗ್ರಾಂ ನಿಲ್ಲಿಸಿದೆವು. ರಿಪೋರ್ಟುಗಳು ಮತ್ತೆ ಕಾಗದದಲ್ಲಿ ಬರತೊಡಗಿ, ರೋಗಿಗಳು ಕಾಯುವಂತಾಯಿತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಎಷ್ಟು ಸಲ ನೋಡಿದರೂ ಎಲ್ಲ ಸರಿಯಾಗಿಯೇ ಇತ್ತು. ತಪ್ಪೇ ಕಾಣದಿದ್ದರೆ ತಿದ್ದುವುದೇನನ್ನು? ಊಟ ಸೇರಲಿಲ್ಲ. ರಾಗಿಗುಡ್ಡದ ಮನೆಯಲ್ಲಿ ಅತ್ತೆ ನನ್ನನ್ನು ದೇವರ ಮುಂದೆ ಕೂರಿಸಿದರು.

“ಕೆಲಸ ಉಳಿಸಪ್ಪಾ ಅಂತ ಕೇಳ್ಬೇಡ ಕಣಮ್ಮಾ. ಯಾರಿಗೂ ಕೇಡಾಗ್ದಂಗೆ ನೋಡ್ಕೋ ಅಂತ ಕೇಳು.”

ಹಾಗೆಯೇ ಬೇಡಿದೆ. ‘ವೀರಭದ್ರಾ, ತಪ್ಪು ನನ್ನದೇ ಆಗಿದ್ದರೂ ಸರಿ, ಕಣ್ಣಿಗೆ ಕಾಣಿಸಿಬಿಡು’ ಎಂದೆ.

ಮರುದಿನ ಭದ್ರಾವತಿ ಬಸ್ ಹತ್ತಿದೆ. ನರ್ಸಿಂಗ್ ಹೋಮಿನಲ್ಲಿ ಕೂತು, ಪರೀಕ್ಷೆಗೆಂದೇ ಮಾಡಿಕೊಂಡ ಹೆಸರುಗಳ ರಿಪೋರ್ಟುಗಳನ್ನು ಒಂದೊಂದಾಗಿ ತರಿಸಿ ನೋಡಿದೆ. ಎಲ್ಲವೂ ಸರಿ. ಮಧ್ಯಾಹ್ನದ ಹೊತ್ತಿಗೆ ಅಳು ತಡೆಯಲಾಗಲಿಲ್ಲ. ಸೆಲ್ವಿ ಸಿಸ್ಟರ್ ಟೀ ತಂದಿಟ್ಟರು.

“ಅಳ್ಬೇಡ ಮಾರಾಯ್ತಿ. ಒಬ್ಳೇ ಎಷ್ಟಂತ ಒದ್ದಾಡ್ತೀಯ? ನಾನೂ ನೋಡ್ತೀನಿ, ಒಂದು ಹೆಸ್ರು ಹೇಳು.”

ಪಕ್ಕದ ಕಂಪ್ಯೂಟರಿನ ಮುಂದೆ ಕೂತರು. ಬೇರೆ ಬೇರೆ ಹೆಸರು ಹಾಕಿ ಇಬ್ಬರೂ ಒಟ್ಟಿಗೇ ಒತ್ತಿದೆವು.

“ಅಯ್ಯೋ, ನೀನು ಕೇಳಿದ್ದು ನನ್ ಹತ್ರ ಬಂತಲ್ಲೇ!”

ಆಗ ಹೊಳೆಯಿತು. ಎಷ್ಟು ಜನ ಕೇಳಿದರೂ ನನ್ನ ಪ್ರೋಗ್ರಾಂ ಲ್ಯಾಬಿನ ಸರ್ವರ್ ಜೊತೆ ಮಾತಾಡಲು ಒಂದೇ ಸೆಷನ್, ಒಂದೇ ದಾರಿ ಇಟ್ಟುಕೊಂಡಿತ್ತು. ಎರಡು ಥ್ರೆಡ್‌ಗಳು, ಅಂದರೆ ಏಕಕಾಲಕ್ಕೆ ಓಡುವ ಎರಡು ಕೆಲಸಗಳು, ಅದರೊಳಗೆ ಒಟ್ಟಿಗೆ ನುಗ್ಗಿದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಹೋಗುತ್ತಿತ್ತು. ಒಬ್ಬಳೇ ಕೂತವಳಿಗೆ ಅದು ಕಾಣುವುದಾದರೂ ಹೇಗೆ! ಪ್ರತಿ ಕೋರಿಕೆಗೂ ಅದರದೇ ಸೆಷನ್ ಕೊಟ್ಟೆ. ರೋಗಿಯ ನಂಬರ್ ತಾಳೆಯಾಗದ ರಿಪೋರ್ಟ್ ತೆರೆಯದಂತೆ ತಡೆಯನ್ನೂ ಹಾಕಿದೆ. ಸಿಸ್ಟರ್ ಎಲ್ಲ ನರ್ಸುಗಳನ್ನೂ ಕರೆದು ಒಟ್ಟಿಗೆ ಒತ್ತಿಸಿದರು. ಒಂದೂ ಅದಲುಬದಲಾಗಲಿಲ್ಲ.

ಹೊರಡುವ ಮುನ್ನ ಆ ತಾಯಿಯನ್ನು ಕಂಡೆ. ಹೆರಿಗೆಯಾಗಿತ್ತು, ಹೆಣ್ಣುಮಗು. ನಾನು ಯಾರೆಂದು ಹೇಳಿ ಕ್ಷಮೆ ಕೇಳಿದೆ. ಆಕೆ “ಇನ್ಯಾರಿಗೂ ಹಂಗಾಗಲ್ಲ ತಾನೇ?” ಎಂದರು.

“ಇಲ್ಲಮ್ಮಾ.”

ಮಗುವನ್ನು ನನ್ನ ಕೈಗೆ ಕೊಟ್ಟರು.

ಭಕ್ತ ಬಂಧುಗಳೇ, ಇದನ್ನು ಆಕಸ್ಮಿಕ ಎನ್ನುವವರು ಎನ್ನಲಿ. ಕಾಣಿಸು ಎಂದು ಬೇಡಿದೆ. ಸ್ವಾಮಿ ನನ್ನ ಪಕ್ಕದಲ್ಲಿ ಒಬ್ಬರನ್ನು ತಂದು ಕೂರಿಸಿದ. ಆ ವೀರಭದ್ರನ ಪಾದ ಹಿಡಿದ ಕೈ ಇನ್ನು ಸಡಿಲವಾಗದು.